ಕತ್ತಲಾದರೆ ಕೆರೆ ಬಿಟ್ಟು ಮೇಲೇರುವ ಬಸವನಹುಳುಗಳು: ನೀರು ಕೆಟ್ಟಿದೆಯೇ, ಶತ್ರು ಬಂದಿದೆಯೇ?

ವಿರಾಜಪೇಟೆ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ:

“ನಮ್ಮ ಕಾಫಿ ತೋಟದ ಇಳಿಜಾರು ಮುಗಿದು ಗದ್ದೆ ಆರಂಭವಾಗುವಲ್ಲಿ ಒಂದು ಚಿಕ್ಕ ಕೆರೆಯಿದೆ. ಒಂದು ಬದಿಗೆ ಕಲ್ಲು ಕಟ್ಟಿದ್ದೇವೆ, ಉಳಿದ ಮೂರು ಬದಿ ಮಣ್ಣಿನ ಏರಿ. ಮನೆಯ ಎರಡು ಹಸುಗಳು ನೀರು ಕುಡಿಯುವುದು ಅಲ್ಲೇ. ಮಳೆ ಸ್ವಲ್ಪ ಬಿಡುವು ಕೊಟ್ಟಾಗಿನಿಂದ, ಅಂದರೆ ಸುಮಾರು ಮೂರು ವಾರಗಳಿಂದ, ಕತ್ತಲಾಗುತ್ತಲೇ ಬಸವನಹುಳುಗಳು ನೀರು ಬಿಟ್ಟು ಕಲ್ಲಿಗೂ ಕೆಸುವಿನ ದಂಟಿಗೂ ಗೇಣೆತ್ತರ ಹತ್ತಿ ಕುಳಿತುಕೊಳ್ಳುತ್ತವೆ. ಬೆಳಿಗ್ಗೆ ಹಾಲು ಕರೆದು ಹೋಗಿ ನೋಡುವ ಹೊತ್ತಿಗೆ ಬಹುತೇಕ ಎಲ್ಲವೂ ನೀರಿಗೆ ಇಳಿದಿರುತ್ತವೆ. ದೊಡ್ಡ, ಗುಂಡನೆಯ ಹುಳುಗಳು ಮಾತ್ರ ಹತ್ತುವುದಿಲ್ಲ. ದಡದಲ್ಲಿ ಖಾಲಿ ಚಿಪ್ಪುಗಳು ಸಿಗುತ್ತಿವೆ. ಕೆಲವದರ ಬಾಯಂಚು ಮುರಿದಿದೆ, ಕೆಲವು ಒಂದಿಷ್ಟೂ ಊನವಿಲ್ಲದೆ ಖಾಲಿಯಾಗಿವೆ. ಬಸವನಹುಳು ಮೇಲೇರಿದರೆ ಮತ್ತೆ ಮಳೆ ಹಿಡಿಯುತ್ತದೆ ಎನ್ನುತ್ತಾರೆ ನಮ್ಮ ಅತ್ತೆಯವರು. ಕಾಫಿ ಗಿಡಗಳಿಗೆ ಸಿಂಪಡಿಸಿದ ಬೋರ್ಡೋ ದ್ರಾವಣ (ತಾಮ್ರದ ಲವಣವಾದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಔಷಧಿ) ಕೆರೆಗೆ ಇಳಿದಿರಬಹುದೆಂದು ಯಜಮಾನರಿಗೆ ಅನುಮಾನ. ಮೈಲುತುತ್ತ ಹಾಕಿದರೆ ಹುಳುಗಳೆಲ್ಲ ಸತ್ತು ಕೆರೆ ಸ್ವಚ್ಛವಾಗುತ್ತದೆ ಎಂದು ತೋಟದ ಕೆಲಸದವರೊಬ್ಬರು ಹೇಳಿದರು. ಇನ್ನೊಬ್ಬರು ಕಲ್ಲುಪ್ಪು ಸುರಿಯಿರಿ ಎಂದರು. ಎಂಟನೆಯ ತರಗತಿಯಲ್ಲಿರುವ ಮಗನ ಪ್ರಶ್ನೆಯೇ ಬೇರೆ: ಓಡಲಾರದ, ಕಚ್ಚಲಾರದ ಈ ಪ್ರಾಣಿ ಚಿಪ್ಪೊಂದನ್ನೇ ನಂಬಿಕೊಂಡು ಹೇಗೆ ಬದುಕುತ್ತದೆ? ನಾವೀಗ ಏನು ಮಾಡಬೇಕು?”

ಉತ್ತರ:

ನಿಮ್ಮ ಪತ್ರವನ್ನೂ ಜೊತೆಗಿದ್ದ ಚಿತ್ರಗಳನ್ನೂ ಎರಡೆರಡು ಸಲ ನೋಡಿದೆ. ಹಸುಗಳು ಕುಡಿಯುವ ನೀರು ಕೆಟ್ಟಿದೆಯೇ ಎಂಬುದೇ ನಿಮ್ಮ ದೊಡ್ಡ ಆತಂಕ. ಆದ್ದರಿಂದ ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ವಿವರಿಸಿರುವುದು ವಿಷಕ್ಕೆ ಸಿಕ್ಕ ಹುಳುಗಳ ನಡತೆಯಲ್ಲ. ನಿಮ್ಮ ಬಸವನಹುಳುಗಳು ರಾತ್ರಿ ಬೇಟೆಗೆ ಬರುವ ಜೀವಿಯೊಂದರಿಂದ, ಬಹುಮಟ್ಟಿಗೆ ಏಡಿಯಿಂದ, ತಪ್ಪಿಸಿಕೊಳ್ಳುತ್ತಿವೆ. ಮೈಲುತುತ್ತವನ್ನೂ ಉಪ್ಪನ್ನೂ ದಯವಿಟ್ಟು ಕೆರೆಯ ಹತ್ತಿರ ತರಬೇಡಿ.

ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ನೀವು ಗಮನಿಸಿ ಬರೆದ ಮೂರು ಸಂಗತಿಗಳಿಂದ. ಹುಳುಗಳು ಕತ್ತಲಾದಾಗ ಹತ್ತಿ ಬೆಳಗಾಗುವಷ್ಟರಲ್ಲಿ ಇಳಿಯುತ್ತವೆ. ಎಲ್ಲ ಜಾತಿಯವೂ ಹತ್ತುವುದಿಲ್ಲ, ದೊಡ್ಡ ಗುಂಡು ಹುಳುಗಳು ನೀರಿನಲ್ಲೇ ಉಳಿಯುತ್ತವೆ. ಖಾಲಿ ಚಿಪ್ಪುಗಳ ಬಾಯಂಚು ಮುರಿದಿದೆ. ತಾಮ್ರ ಅಥವಾ ಇನ್ನಾವುದೋ ವಿಷ ನೀರಿಗೆ ಸೇರಿದ್ದರೆ ಹುಳುಗಳು ಬೆಳಗಿನ ಜಾವ ಅದೇ ನೀರಿಗೆ ಮರಳುತ್ತಿರಲಿಲ್ಲ. ಸಿಂಪಡಣೆಯಾದ ದಿನವೋ ಆಮೇಲಿನ ಮೊದಲ ಮಳೆಯ ದಿನವೋ ದೊಡ್ಡದು ಚಿಕ್ಕದು ಎನ್ನದೆ ಎಲ್ಲ ಜಾತಿಯವೂ ಒಟ್ಟಿಗೆ ಸಾಯುತ್ತಿದ್ದವು. ಚಿಪ್ಪಿನೊಳಗೆ ಮೈ ಕೊಳೆತು ದುರ್ವಾಸನೆ ಬರುತ್ತಿತ್ತು. ನಿಮಗೆ ಸಿಕ್ಕ ಚಿಪ್ಪುಗಳು ಖಾಲಿಯಾಗಿವೆ, ಶುಚಿಯಾಗಿವೆ. ಅವುಗಳನ್ನು ಯಾರೋ ಉಂಡು ಮುಗಿಸಿದ್ದಾರೆ.

ನೀರಿನಲ್ಲಿ ಪ್ರಾಣವಾಯು ಕಡಿಮೆಯಾದಾಗಲೂ ಜಲಚರಗಳು ಮೇಲಕ್ಕೆ ಬರುತ್ತವೆ, ನಿಜ. ಆದರೆ ಆಗ ಕಷ್ಟ ಹೆಚ್ಚುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ, ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ನೀವು ಹೇಳುವ ಹೊತ್ತಿಗೆ ಸರಿಯಾಗಿ ಅದು ತಿರುವುಮುರುವು. ಡಿಸೆಂಬರ್ ನಂತರ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಕೆಲಸ, ಶುರುವಾದ ಮೇಲೆ ಇಂತಹ ದೃಶ್ಯ ಕಂಡರೆ ಮಾತ್ರ ಆ ಅನುಮಾನ ಪಡಿ. ಪಲ್ಪಿಂಗ್ ನೀರಿನಲ್ಲಿರುವ ಸಿಹಿ, ಸಿಪ್ಪೆ, ಲೋಳೆ ಕೊಳೆಯುವಾಗ ಕೆರೆಯ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತವೆ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದು ಕಣ್ಣಿಟ್ಟು ನೋಡಿದವರ ಮಾತು. ನೀರಿನ ಬಸವನಹುಳುವಿಗೆ ಹೊರಗಿನ ದೊಡ್ಡ ಅಪಾಯವೆಂದರೆ ಮೈ ಒಣಗುವುದು. ಗಾಳಿಯಲ್ಲಿ ತೇವ ತುಂಬಿರುವ ರಾತ್ರಿಗಳಲ್ಲಿ ಅದು ಧೈರ್ಯವಾಗಿ ಹೆಚ್ಚು ಹೊತ್ತು ಹೊರಗಿರಬಲ್ಲದು. ಅಂತಹ ರಾತ್ರಿಗಳ ಬೆನ್ನಿಗೇ ಕೊಡಗಿನಲ್ಲಿ ಮಳೆ ಬರುವುದು ಸಹಜವಾದ್ದರಿಂದ ಹುಳು ಹತ್ತುವುದಕ್ಕೂ ಮಳೆಗೂ ನಂಟು ಕಂಡಿದೆ. ತೇವವು ಹುಳುವಿಗೆ ಮೇಲೆ ಕೂರಲು ಅನುಕೂಲ ಮಾಡಿಕೊಡುತ್ತದೆ. ಅದನ್ನು ನೀರಿನಿಂದ ಹೊರಡಿಸುವ ಕಾರಣ ಬೇರೆ.

ಈಗ ನಿಮ್ಮ ಮಗನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನೀವು ಮುಂದೇನು ಮಾಡಬೇಕೆಂಬುದೂ ಅದರಲ್ಲೇ ಅಡಗಿದೆ. ಚಿಪ್ಪನ್ನು ಕೈಯಲ್ಲಿ ಹಿಡಿದು ಮೊದಲು ನೋಡಬೇಕಾದದ್ದು ಬಾಯಿಗೆ ಮುಚ್ಚಳ ಇದೆಯೇ ಇಲ್ಲವೇ ಎಂಬುದನ್ನು. ಸಿಹಿನೀರಿನ ಬಸವನಹುಳುಗಳ ಬದುಕು ಈ ಒಂದು ವ್ಯತ್ಯಾಸದಿಂದ ಎರಡು ದಾರಿಯಾಗಿ ಒಡೆಯುತ್ತದೆ.

ನಿಮ್ಮ ಚಿತ್ರದಲ್ಲಿರುವ ದೊಡ್ಡ, ಗುಂಡನೆಯ ಹುಳು ಪೈಲಾ. ಅದರ ಪಾದದ ಹಿಂಬದಿಗೆ ಗಟ್ಟಿ ಮುಚ್ಚಳವೊಂದು ಅಂಟಿಕೊಂಡಿದೆ, ಸುಣ್ಣದಿಂದಲೇ ಆದದ್ದು. ಹುಳು ಒಳಗೆ ಸರಿದರೆ ಬಾಗಿಲು ತಾನಾಗಿ ಬಿಗಿಯುತ್ತದೆ. ಶತ್ರುವನ್ನು ಹೊರಗಿಡುವ ಅದೇ ಬಾಗಿಲು ಬೇಸಿಗೆಯಲ್ಲಿ ತೇವವನ್ನು ಒಳಗೆ ಹಿಡಿದಿಡುತ್ತದೆ; ಗದ್ದೆ ಒಣಗಿ ಬಿರುಕು ಬಿಟ್ಟಾಗ ಪೈಲಾ ಕೆಸರಿನೊಳಗೆ ಹೂತುಕೊಂಡು ಮುಂದಿನ ಮಳೆಯವರೆಗೆ ಹಾಗೆಯೇ ಇರಬಲ್ಲದು. ಅದಕ್ಕಿಂತ ಚಿಕ್ಕದಾದ, ಮೈಮೇಲೆ ಪಟ್ಟೆಗಳಿರುವ ಬೆಲ್ಲಾಮ್ಯಾಕ್ಕೂ ಮುಚ್ಚಳವಿದೆ, ತೆಳ್ಳಗಿನದು. ಅದರ ವಿಶೇಷ ಬೇರೆ: ಅದು ಮೊಟ್ಟೆಯಿಟ್ಟು ಹೋಗುವುದಿಲ್ಲ, ಮರಿ ಹಾಕುತ್ತದೆ. ಹೊರಬರುವಾಗಲೇ ಮರಿಯ ಬೆನ್ನ ಮೇಲೆ ಪುಟ್ಟ ಚಿಪ್ಪು ಇರುತ್ತದೆ. ಮೊಟ್ಟೆಯನ್ನು ಹುಡುಕಿ ತಿನ್ನುವ ಜೀವಿಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ. ಕೆಸರಿನಲ್ಲಿ ಮುಳುಗಿರುವ, ಉದ್ದ ಮೊಳೆಯಂತಹ ಮೆಲನಾಯ್ಡಿಸ್ ಕೂಡ ಮರಿಯನ್ನು ಒಡಲಲ್ಲೇ ಕಾಪಾಡುತ್ತದೆ. ಹಗಲೆಲ್ಲ ಕೆಸರಿನೊಳಗಿದ್ದು ರಾತ್ರಿ ಮೇವಿಗೆ ಹೊರಡುತ್ತದೆ. ನಿಮ್ಮೂರಿನ ಹರಿಯುವ ತೋಡುಗಳಲ್ಲಿ ಬಂಡೆಗೆ ಬಲವಾಗಿ ಕಚ್ಚಿಕೊಂಡಿರುವ ಕಪ್ಪು ಹುಳುಗಳನ್ನು ಮಗ ನೋಡಿರಬಹುದು, ಅವು ಪಾಲುಡೋಮಸ್. ಅವುಗಳಿಗೂ ಮುಚ್ಚಳವಿದೆ.

ಇನ್ನು ಕಲ್ಲಿಗೆ ಹತ್ತುತ್ತಿರುವವು. ಜೇನಿನ ಬಣ್ಣದ, ತುದಿ ಚೂಪಾದ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವಂತಹ ತೆಳುಚಿಪ್ಪಿನ ಲಿಮ್ನಿಯಾ ಅವು. ಅವುಗಳ ಮನೆಗೆ ಬಾಗಿಲೇ ಇಲ್ಲ. ಆದರೆ ಅವುಗಳಿಗೆ ಕಿವಿರಿನ ಬದಲು ಶ್ವಾಸಕೋಶವಿದೆ. ಮೇಲ್ಮೈಗೆ ಬಂದು ಗಾಳಿ ತುಂಬಿಕೊಂಡು ಬದುಕುವ ಜೀವಿಗಳಾದ್ದರಿಂದ ನೀರಿನಿಂದ ಹೊರಗೆ ಕೆಲವು ಗಂಟೆ ಇರುವುದು ಅವುಗಳಿಗೆ ಕಷ್ಟವಲ್ಲ. ಆ ಶ್ವಾಸಕೋಶ ಇನ್ನೊಂದು ರೀತಿಯಲ್ಲೂ ನೆರವಾಗುತ್ತದೆ: ಸಸ್ಯಕ್ಕೆ ಅಂಟಿಕೊಂಡಿರುವಾಗ ಮುಟ್ಟಿದರೆ ಲಿಮ್ನಿಯಾ ಹಿಡಿತ ಬಿಟ್ಟು, ಗಾಳಿಯ ಗುಳ್ಳೆಯನ್ನು ಹೊರಹಾಕಿ, ಕಲ್ಲಿನಂತೆ ತಳಕ್ಕೆ ಬೀಳುತ್ತದೆ. ಯುರೋಪಿನ ದೊಡ್ಡ ಲಿಮ್ನಿಯಾದಲ್ಲಿ ಕೊನೆಯ ಅಸ್ತ್ರವೊಂದಿದೆ. ಜೋರಾಗಿ ಚುಚ್ಚಿದರೆ ಅದು ಮೈಯ ದ್ರವವನ್ನೇ ಹೊರಚೆಲ್ಲಿ, ಕುಗ್ಗಿ, ಚಿಪ್ಪಿನ ತುದಿಯವರೆಗೆ ಸರಿದುಬಿಡುತ್ತದೆ. ಹಾಗೆ ಮಾಡಲು ಅದು ತೆರುವ ಬೆಲೆ ಸಣ್ಣದಲ್ಲ.

ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ಇಂಡೋಪ್ಲಾನಾರ್ಬಿಸ್ಸಿಗೂ ಮುಚ್ಚಳವಿಲ್ಲ. ಆದರೆ ಅದರ ಸುರುಳಿ ಉದ್ದವಾದ ಓಣಿಯಿದ್ದಂತೆ, ಒಳಕ್ಕೆ ಸರಿಯಲು ಬೇಕಾದಷ್ಟು ಜಾಗವಿದೆ. ಅದರ ರಕ್ತ ನಮ್ಮ ರಕ್ತದಂತೆ ಕೆಂಪು, ಹಿಮೋಗ್ಲೋಬಿನ್ ಇರುವುದರಿಂದ. ಹೀಗಾಗಿ ಗಾಳಿಗಾಗಿ ಪದೇ ಪದೇ ಮೇಲೆ ಬರಬೇಕಾದ ಅಗತ್ಯ ಅದಕ್ಕೆ ಕಡಿಮೆ, ಹೆಚ್ಚು ಹೊತ್ತು ಮರೆಯಲ್ಲಿ ಇರಬಲ್ಲದು. ನಿಮ್ಮ ಕಲ್ಲಿನ ಮೇಲೆ ಅದು ಒಂದೆರಡೇ ಕಾಣುತ್ತಿರುವುದು ನನಗೆ ಆಶ್ಚರ್ಯ ತರಲಿಲ್ಲ.

ಚಿಪ್ಪು, ಮುಚ್ಚಳ, ಓಣಿ ಇವೆಲ್ಲ ಶತ್ರು ಮೈಮೇಲೆ ಬಿದ್ದ ನಂತರದ ರಕ್ಷಣೆ. ಈ ಜೀವಿಗಳ ನಿಜವಾದ ಜಾಣತನ ಇರುವುದು ಶತ್ರು ಬರುವ ಮೊದಲು. ಬಸವನಹುಳುವಿನ ಕಣ್ಣಿಗೆ ಬೆಳಕು ನೆರಳುಗಳಿಗಿಂತ ಹೆಚ್ಚೇನೂ ತಿಳಿಯದು. ಅದು ಬದುಕುವುದು ನೀರಿನ ರುಚಿಯನ್ನು ಓದುತ್ತಾ. ಮೀಸೆಯಂತಹ ಎರಡು ಕೊಂಬುಗಳಲ್ಲೂ, ಉಸಿರಾಟದ ಜಾಗದ ಹತ್ತಿರವಿರುವ ಆಸ್ಫ್ರೇಡಿಯಂ ಎಂಬ ಅಂಗದಲ್ಲೂ ಅದಕ್ಕೆ ಸುದ್ದಿ ಮುಟ್ಟುತ್ತದೆ. ಏಡಿ ಒಂದು ಹುಳುವನ್ನು ಒಡೆದಾಗ ಅದರ ಮೈಯ ರಸ ನೀರಿಗೆ ಸೇರುತ್ತದೆ. ಸುತ್ತಲಿನ ಅದೇ ಜಾತಿಯ ಹುಳುಗಳಿಗೆ ಅದು ಕೂಗಿ ಎಚ್ಚರಿಸಿದಂತೆ. ಅಮೆರಿಕದ ನೋಯೆಲ್ ಸ್ನೈಡರ್ 1967ರಲ್ಲಿ ಹಲವಾರು ಜಾತಿಗಳನ್ನು ಹೀಗೆ ಪರೀಕ್ಷಿಸಿ ತೋರಿಸಿದರು. ಫ್ಲಾರಿಡಾದ ಆಪಲ್ ಬಸವನಹುಳು, ನಮ್ಮ ಪೈಲಾದ ದೂರದ ನೆಂಟ, ತನ್ನ ಜಾತಿಯ ಜಜ್ಜಿದ ಹುಳುವಿನ ರಸ ತಾಗಿದೊಡನೆ ಹಿಡಿತ ಬಿಟ್ಟು ಕೆಳಗೆ ಬಿದ್ದು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಮುಚ್ಚಳವಿರುವುದು ಕೆಳಕ್ಕೆ, ಮುಚ್ಚಳವಿಲ್ಲದ್ದು ಮೇಲಕ್ಕೆ. ನಿಮ್ಮ ಕೆರೆಯಲ್ಲಿ ಮೂರು ವಾರಗಳಿಂದ ನಡೆಯುತ್ತಿರುವುದೂ ಇದೇ. ನೀವು ನೋಡಿದ್ದು ಅರ್ಧ ಮಾತ್ರ, ಉಳಿದರ್ಧ ಕೆಸರಿನಲ್ಲಿದೆ.

ಫೈಸಾ ಎಂಬ ಹುಳುವಿನ ಮೇಲೆ ನಡೆದ ಅಧ್ಯಯನಗಳು ಇನ್ನೂ ಸೊಗಸಾಗಿವೆ. ಉತ್ತರ ಅಮೆರಿಕದ್ದಾದರೂ ಅಕ್ವೇರಿಯಂ ಗಿಡಗಳ ಜೊತೆ ಲೋಕವೆಲ್ಲ ಹರಡಿ ಭಾರತಕ್ಕೂ ಬಂದಿರುವ ಹುಳು ಇದು. ಗುರುತಿಸುವುದು ಸುಲಭ: ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವಂತೆ ಚಿಪ್ಪನ್ನು ಹಿಡಿಯಿರಿ. ಬಾಯಿ ಎಡಕ್ಕಿದ್ದರೆ ಫೈಸಾ, ಬಲಕ್ಕಿದ್ದರೆ ಲಿಮ್ನಿಯಾ. ದೊಡ್ಡ ಸೀಗಡಿಯಂತಹ, ಇಕ್ಕಳವುಳ್ಳ ಕ್ರೇಫಿಶ್ ಬೇಟೆಯಾಡುವ ನೀರಿನಲ್ಲಿ ಫೈಸಾ ನೀರಿನಿಂದ ಮೇಲಕ್ಕೆ ಹತ್ತುತ್ತದೆ. ಅದೇ ಹುಳು ಮೀನಿನ ವಾಸನೆ ಬಂದರೆ ಮೇಲೆ ಹೋಗದೆ ಕಲ್ಲಿನಡಿ ನುಸುಳುತ್ತದೆ. ತಳದಲ್ಲಿ ನಡೆಯುವ ಶತ್ರುವಿನಿಂದ ಮೇಲಕ್ಕೆ, ಮೇಲೆ ಈಜುವ ಶತ್ರುವಿನಿಂದ ಮರೆಗೆ. ಜಿಗಣೆ ಮೈಗೆ ತಾಗಿದರೆ ಚಿಪ್ಪನ್ನು ಅತ್ತಿತ್ತ ಜೋರಾಗಿ ಕೊಡವಿ ಅದನ್ನು ಕಳಚಿಹಾಕುತ್ತದೆ. ನನ್ನ ಬಳಿ ಕಲಿಯಲು ಬರುವವರಿಗೆ ಸೂಕ್ಷ್ಮದರ್ಶಕದ ಕೆಳಗೆ ಮೊದಲು ತೋರಿಸುವುದು ಈ ಕೊಡವುವಿಕೆಯನ್ನೇ. ಹುಳು ನಿಧಾನದ ಪ್ರಾಣಿ ಎಂಬ ಭಾವನೆ ಅಲ್ಲಿಗೆ ಮುಗಿಯುತ್ತದೆ.

ಶತ್ರುವಿನ ವಾಸನೆಯಲ್ಲೇ ಬೆಳೆದ ಮರಿಗಳ ಚಿಪ್ಪಿನ ಆಕಾರವೂ ಬದಲಾಗುತ್ತದೆ. ಮೀನಿರುವ ನೀರಿನಲ್ಲಿ ಬೆಳೆದವು ಗುಂಡಗಾಗುತ್ತವೆ, ಗುಂಡನೆಯ ಚಿಪ್ಪನ್ನು ಗಂಟಲಿನ ಹಲ್ಲಿನಲ್ಲಿ ಜಜ್ಜುವುದು ಮೀನಿಗೆ ಕಷ್ಟ. ಕ್ರೇಫಿಶ್ ಇರುವಲ್ಲಿ ಬೆಳೆದವು ಉದ್ದವಾಗಿ, ಬಾಯಿ ಕಿರಿದಾಗುತ್ತವೆ. ಇಕ್ಕಳ ಒಳಗೆ ತೂರದಂತೆ. ಎರಡೂ ಶತ್ರುಗಳು ಒಂದೇ ಕೆರೆಯಲ್ಲಿದ್ದರೆ ಇತ್ತ ದರಿ, ಅತ್ತ ಪುಲಿ. ಒಂದಕ್ಕೆ ಒಗ್ಗಿದ ಚಿಪ್ಪು ಇನ್ನೊಂದರ ಬಾಯಿಗೆ ಸುಲಭದ ತುತ್ತಾಗುತ್ತದೆ. 1990ರಲ್ಲಿ ಟಾಡ್ ಕ್ರೌಲ್ ಮತ್ತು ಆಲನ್ ಕೋವಿಚ್ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಕಂಡಿತು. ಸಾಮಾನ್ಯ ನೀರಿನಲ್ಲಿ ಸುಮಾರು 4 ಮಿಲಿಮೀಟರ್ ಬೆಳೆದು, ಮೂರೂವರೆ ತಿಂಗಳಿಗೆ ಮೊಟ್ಟೆಯಿಡತೊಡಗುವ ಫೈಸಾ, ಕ್ರೇಫಿಶ್ ಬೇರೆ ಫೈಸಾಗಳನ್ನು ತಿನ್ನುತ್ತಿರುವ ಸುದ್ದಿ ನೀರಿನಿಂದ ತಿಳಿದಾಗ ಮೊಟ್ಟೆಯನ್ನು ಮುಂದೂಡಿ ಬೆಳವಣಿಗೆಗೇ ಗಮನ ಕೊಟ್ಟಿತು. ಎಂಟು ತಿಂಗಳಲ್ಲಿ ಸುಮಾರು 10 ಮಿಲಿಮೀಟರ್ ಆದ ಮೇಲೆ ಸಂತಾನಕ್ಕೆ ತೊಡಗಿತು. ಅಷ್ಟು ದೊಡ್ಡದಾದ ಹುಳುವನ್ನು ಕ್ರೇಫಿಶ್ ಸುಲಭವಾಗಿ ಹಿಡಿದು ಒಡೆಯಲಾರದು. ನಮ್ಮ ನೆಲದಲ್ಲಿ ಕ್ರೇಫಿಶ್ ಸಹಜವಾಗಿ ಇಲ್ಲ, ಆ ಜಾಗದಲ್ಲಿ ನಮಗಿರುವುದು ಗದ್ದೆ ಏಡಿ.

ಕೊಡಗಿನ ನೀರಿನ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ನೀರು ಹರಿದು ಹರಿದು ಮಣ್ಣಿನ ಸುಣ್ಣವನ್ನು ತೊಳೆದುಬಿಟ್ಟಿದೆ. ತೋಟಕ್ಕೆ ನೀವು ಸುಣ್ಣ ಹಾಕುವುದೂ ಇದೇ ಕಾರಣಕ್ಕೆ. ಚಿಪ್ಪು ಕಟ್ಟಲು ಬೇಕಾದ ಸುಣ್ಣ ನೀರಿನಲ್ಲಿ ಕಡಿಮೆಯಿರುವಾಗ ಚಿಪ್ಪು ತೆಳ್ಳಗಾಗುತ್ತದೆ, ಹುಳಿ ನೀರಿನಲ್ಲಿ ಹಳೆಯ ತುದಿ ಸವೆದು ಬಿಳಿಯ ಕುಳಿ ಬೀಳುತ್ತದೆ. ನಿಮ್ಮ ಚಿತ್ರಗಳಲ್ಲಿ ಅಂತಹ ಸವೆದ ತುದಿಗಳಿವೆ. ಅದು ರೋಗವಲ್ಲ. ಬಯಲುಸೀಮೆಯ ಗಡಸು ನೀರಿನ ಹುಳುವಿಗೆ ಹೋಲಿಸಿದರೆ ನಿಮ್ಮ ಕೆರೆಯ ಹುಳುವಿನ ಗೋಡೆ ತೆಳು. ಗೋಡೆ ತೆಳುವಾದವರು ಬೇಗ ಎಚ್ಚರಗೊಳ್ಳಬೇಕು, ಬೇಗ ಜಾಗ ಬಿಡಬೇಕು.

ಯಾರು ತಿಂದರು ಎಂಬುದನ್ನು ಖಾಲಿ ಚಿಪ್ಪೇ ಹೇಳುತ್ತದೆ. ಏಡಿ ಬಾಯಂಚಿನಿಂದ ಶುರುಮಾಡಿ ಚೂರುಚೂರಾಗಿ ಮುರಿಯುತ್ತಾ ಒಳಕ್ಕೆ ಹೋಗುತ್ತದೆ, ಚಿಕ್ಕದಾದರೆ ಇಡಿಯಾಗಿ ಪುಡಿಮಾಡುತ್ತದೆ. ಊನವಿಲ್ಲದೆ ಖಾಲಿಯಾದ ಚಿಪ್ಪುಗಳು ನೀರುತಿಗಣೆ ಅಥವಾ ಜಿಗಣೆಯ ಕೆಲಸ. ನೀರುತಿಗಣೆ ಚೂಪು ಮೂತಿಯನ್ನು ಮೆತ್ತನೆಯ ಮೈಗೆ ಚುಚ್ಚಿ, ಕರಗಿಸುವ ರಸ ಬಿಟ್ಟು, ಆಮೇಲೆ ಹೀರುತ್ತದೆ. ಬೆನ್ನ ಮೇಲೆ ಸಾಲುಸಾಲಾಗಿ ಮೊಟ್ಟೆ ಹೊತ್ತ ಚಪ್ಪಟೆ ಕಂದು ಹುಳ ಕೆರೆಯಲ್ಲಿ ಕಂಡರೆ ಅದು ಗಂಡು ನೀರುತಿಗಣೆ; ಹೆಣ್ಣು ಮೊಟ್ಟೆಯನ್ನು ಅದರ ಬೆನ್ನಿಗೇ ಅಂಟಿಸಿ ಹೋಗಿರುತ್ತದೆ. ಪೈಲಾದ ಚಿಪ್ಪು ಒಡೆಯದೆ ಮುಚ್ಚಳ ಮಾತ್ರ ಬೇರೆಯಾಗಿ ಬಿದ್ದಿದ್ದರೆ ಬಾಯ್ಕಳಕ ಕೊಕ್ಕರೆ ಬಂದಿರಬಹುದು. ಕಾವೇರಿಯ ಕೆಳದಂಡೆಯ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಈ ಹಕ್ಕಿ ಕೊಕ್ಕಿನ ತುದಿಯನ್ನು ಒಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಕಟ್ಟಿದ ಸ್ನಾಯುವನ್ನು ಕತ್ತರಿಸಿ, ಮಾಂಸವನ್ನು ಎಳೆದುಕೊಳ್ಳುತ್ತದೆ. ಅಷ್ಟು ಗಟ್ಟಿ ಬಾಗಿಲಿಗೂ ಕೀಲಿಕೈ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ತೋಡಿನಲ್ಲಿ ನೀರುನಾಯಿ ಇದ್ದರೆ ಅದು ಏಡಿ, ಹುಳು ಎರಡನ್ನೂ ತಿನ್ನುತ್ತದೆ.

ಇಲ್ಲಿಯವರೆಗೆ ಹುಳುವಿನ ಪರ ಮಾತಾಡಿದೆ. ಹಸುವಿನ ವಿಷಯದಲ್ಲಿ ಮಾತ್ರ ನಿಮ್ಮ ಆತಂಕಕ್ಕೆ ಆಧಾರವಿದೆ, ಆದರೆ ನೀವು ಹುಡುಕಿದ ಕಡೆ ಅಲ್ಲ. ಲಿಮ್ನಿಯಾ ಹುಳುವಿನ ಮೈಯಲ್ಲಿ ಬೆಳೆಯುವ ಪರಾವಲಂಬಿಯೊಂದು ಹುಲ್ಲಿನ ಮೂಲಕ ಹಸುವಿನ ಹೊಟ್ಟೆ ಸೇರಿ ಯಕೃತ್ತಿನ ಜಂತುವಾಗುತ್ತದೆ. ಇಂಡೋಪ್ಲಾನಾರ್ಬಿಸ್ ಹಸುವಿನ ಗೊರಕೆ ರೋಗದ ಜಂತುವಿಗೆ ಆಸರೆ. ಹಸು ಸೊರಗುವುದು, ದವಡೆಯ ಕೆಳಗೆ ಊತ, ಉಸಿರಾಡುವಾಗ ಗೊರಕೆಯ ಸದ್ದು, ಮೂಗಿನಿಂದ ಸಿಂಬಳ ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರ ಬಳಿ ಪರೀಕ್ಷೆ ಮಾಡಿಸಿ. ಗದ್ದೆಗಿಳಿದವರ ಕಾಲಿಗೆ ಬರುವ ತುರಿಕೆಗೂ ಇಂತಹದೇ ಜಂತುವಿನ ಮರಿಗಳು ಎಷ್ಟೋ ಸಲ ಕಾರಣ. ಹುಳು ಕೆರೆಯಲ್ಲಿದೆ ಎಂದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ರೋಗದ ಸುತ್ತು ಪೂರ್ತಿಯಾಗಲು ಸೋಂಕಿರುವ ದನದ ಸಗಣಿಯೋ ಸಿಂಬಳವೋ ನೀರಿಗೆ ಬೀಳಬೇಕು.

ಆದ್ದರಿಂದ ನಾನು ಮೊದಲು ಹೇಳುವುದು ಹಸುಗಳನ್ನು ಕೆರೆಗೆ ಇಳಿಸಬೇಡಿ ಎಂದು. ದಡದಿಂದ ದೂರ ಒಂದು ತೊಟ್ಟಿ ಕಟ್ಟಿ, ಬಾವಿಯ ನೀರು ತುಂಬಿಸಿ. ಕೆರೆಯಂಚಿನ ಹುಲ್ಲನ್ನು ಹಸಿಯಾಗಿ ಕೊಯ್ದು ಹಾಕುವುದನ್ನು ನಿಲ್ಲಿಸಿ, ಜಂತುವಿನ ಮರಿಗಳು ಅಂಟಿ ಕೂರುವುದು ಅಲ್ಲೇ. ಇದಕ್ಕೆ ಒಂದಿಷ್ಟು ಖರ್ಚು, ದಿನವೂ ಒಂದಿಷ್ಟು ಶ್ರಮ ಇದೆ. ಆದರೆ ನನ್ನ ಅನುಭವದಲ್ಲಿ ಇದರಷ್ಟು ಫಲ ಕೊಟ್ಟ ಇನ್ನೊಂದು ಕ್ರಮವಿಲ್ಲ.

ಎರಡನೆಯದು ಏಡಿ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಏಡಿ ಹಿಡಿದು ಸಾರು ಮಾಡುವುದು ನಿಮ್ಮ ಕಡೆ ಇದ್ದದ್ದೇ, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಹುಳುಗಳು ಹೆದರುತ್ತಿವೆ ಎಂದು ಏಡಿಗಳನ್ನೆಲ್ಲ ಹಿಡಿದು ಮುಗಿಸಬೇಡಿ. ನಿಮ್ಮ ಹಸುಗಳಿಗೆ ಜಂತು ತರಬಲ್ಲ ತೆಳುಚಿಪ್ಪಿನ ಹುಳುಗಳನ್ನು ದಿನವೂ ಕಡಿಮೆ ಮಾಡುತ್ತಿರುವುದು ಅವೇ ಏಡಿಗಳು, ಅವೇ ನೀರುತಿಗಣೆಗಳು. ಏಡಿ ಬಿಲ ತೋಡಿ ಏರಿಯಿಂದ ನೀರು ಸೋರುತ್ತಿದ್ದರೆ ಆ ಬಿಲವನ್ನು ಮಾತ್ರ ಜೇಡಿಮಣ್ಣಿನಲ್ಲಿ ಗಟ್ಟಿಸಿ ಮುಚ್ಚಿ.

ಹುಳುಗಳ ಸಂಖ್ಯೆ ತಗ್ಗಿಸಲೇಬೇಕೆಂದಿದ್ದರೆ ಕೈಯಿಂದ ಆರಿಸುವುದು ಒಳ್ಳೆಯದು. ಅವು ತಾವಾಗಿ ಕಲ್ಲಿನ ಮೇಲೆ ಬಂದು ಕೂರುವ ಈ ದಿನಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ ಟಾರ್ಚ್ ಹಿಡಿದು ಹೋದರೆ ಬಕೆಟ್ ತುಂಬುತ್ತದೆ. ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟ್ ಇರಲಿ. ಆರಿಸಿದ್ದನ್ನು ಕೆರೆಯಲ್ಲೋ ದಡದಲ್ಲೋ ಜಜ್ಜಬೇಡಿ, ದೂರದ ಗುಂಡಿಯಲ್ಲಿ ಹೂಳಿ. ಕೆರೆಯ ನೀರಿಗೆ ಆ ರಸ ಸೇರಿದರೆ ಉಳಿದ ಹುಳುಗಳು ಎಚ್ಚರಗೊಂಡು ನಿಮಗೆ ಸಿಗದ ಜಾಗಕ್ಕೆ ಹೋಗುತ್ತವೆ.

ಬಾತುಕೋಳಿ ಬಿಡಬಹುದೇ ಎಂದು ಹಲವರು ಕೇಳುತ್ತಾರೆ. ಬಾತು ಹುಳುಗಳನ್ನು ಚೆನ್ನಾಗಿ ತಿನ್ನುತ್ತದೆ. ಆದರೆ ನಾಟಿಯಾದ ಹೊಸತರಲ್ಲಿ ಪೈರನ್ನು ತುಳಿಯುತ್ತದೆ, ಏರಿಯನ್ನು ಕೆದಕುತ್ತದೆ, ಹಕ್ಕಿಗಳ ಜಂತುವನ್ನು ತಾನೇ ತಂದು ಹುಳುಗಳಿಗೆ ಕೊಟ್ಟು ನಿಮ್ಮ ಕಾಲಿನ ತುರಿಕೆಯನ್ನು ಹೆಚ್ಚಿಸಲೂಬಹುದು. ನಾಲ್ಕೈದು ಬಾತುಗಳನ್ನು ದಿನಕ್ಕೆ ಕೆಲವು ಗಂಟೆ ಬಿಟ್ಟು ನೋಡಬಹುದು, ಅದಕ್ಕಿಂತ ಹೆಚ್ಚು ಬೇಡ. ಮೀನು ತಂದು ಬಿಡುವುದಕ್ಕೆ ಮಾತ್ರ ನನ್ನ ಸ್ಪಷ್ಟ ವಿರೋಧವಿದೆ. ಎಲ್ಲವನ್ನೂ ತಿನ್ನುತ್ತದೆ ಎಂದು ಕೆಲವರು ಶಿಫಾರಸು ಮಾಡುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ಜುಲೈ ತಿಂಗಳ ಒಂದು ರಾತ್ರಿಯ ಮಳೆಗೆ ನಿಮ್ಮ ಕೆರೆ ಕೋಡಿ ಬಿದ್ದರೆ ಆ ಮೀನು ತೋಡು ಸೇರುತ್ತದೆ, ತೋಡಿನಿಂದ ಕಾವೇರಿಗೆ. ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿದ ಕಾವೇರಿಯ ಮಹಸೀರ್ ಮೀನು ಉಳಿದಿರುವುದು ಅದೇ ನದಿವ್ಯವಸ್ಥೆಯಲ್ಲಿ.

ಮೈಲುತುತ್ತ ಹುಳುಗಳನ್ನು ಕೊಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ಸುಣ್ಣ ಕಡಿಮೆಯಿರುವ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ತೀಕ್ಷ್ಣ, ಅಂದರೆ ಕೊಡಗಿನ ಕೆರೆಯಲ್ಲಿ ಮೀನು, ಗೊದಮೊಟ್ಟೆ, ನೀರುತಿಗಣೆ ಎಲ್ಲವೂ ಜೊತೆಗೇ ಹೋಗುತ್ತವೆ. ತಾಮ್ರ ಕೊಳೆಯುವ ವಸ್ತುವಲ್ಲ, ಹೂಳಿನಲ್ಲಿ ಉಳಿದುಬಿಡುತ್ತದೆ. ಆಮೇಲೆ ಬರುವುದು ಯಾರೆಂದು ಯೋಚಿಸಿ. ಲಿಮ್ನಿಯಾದಲ್ಲೂ ಇಂಡೋಪ್ಲಾನಾರ್ಬಿಸ್ಸಿನಲ್ಲೂ ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಜೊತೆಯಿಲ್ಲದೆಯೂ ಮೊಟ್ಟೆಯಿಡಬಲ್ಲವು. ಕೆಸುವಿನ ಬುಡದಲ್ಲಿ ಒಂದೇ ಒಂದು ಉಳಿದರೆ ಸಾಕು, ತಿನ್ನುವವರಿಲ್ಲದ ಕೆರೆಯಲ್ಲಿ ಅದರ ಸಂತಾನ ತುಂಬಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಕೆರೆಯನ್ನು ನೋಡಿ ಬರಲು ನನ್ನನ್ನು ಕರೆದಿದ್ದರು. ಔಷಧಿ ಹಾಕಿ ಒಂದು ವರ್ಷವಾಗಿತ್ತು. ಕಪ್ಪೆಯ ಸದ್ದು ಇರಲಿಲ್ಲ, ಹುಳುಗಳು ಮಾತ್ರ ಮೊದಲಿಗಿಂತ ಹೆಚ್ಚಾಗಿದ್ದವು. ಆ ಮನೆಯವರ ಮುಖ ನನಗೆ ಇನ್ನೂ ನೆನಪಿದೆ. ಕಲ್ಲುಪ್ಪಿನ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಹುಳು ಸಾಯುವಷ್ಟು ಉಪ್ಪು ಹಾಕಿದರೆ ಆ ನೀರು ಹಸುವಿಗೂ ಗದ್ದೆಗೂ ಬಾರದು.

ನಿಮ್ಮ ಯಜಮಾನರ ಅನುಮಾನ ಈ ಸಲ ನಿಜವಾಗದಿದ್ದರೂ ಅದು ಒಳ್ಳೆಯ ಅನುಮಾನವೇ. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತವೇ ಅಲ್ಲವೇ? ಡ್ರಮ್, ಪಂಪುಗಳನ್ನು ಕೆರೆಯಲ್ಲಿ ತೊಳೆಯದಿರಿ, ಕೆರೆಯ ಮೇಲಿನ ಒಂದೆರಡು ಸಾಲು ಗಿಡಗಳಿಗೆ ಮಳೆ ಬರುವಂತಿರುವಾಗ ಸಿಂಪಡಿಸದಿರಿ. ಶನಿವಾರಸಂತೆ ಕಡೆಯ ತೋಟಗಳನ್ನು ಕಾಡಿದ ಆಫ್ರಿಕನ್ ದೈತ್ಯ ಬಸವನಹುಳು ನೆಲದ ಜೀವಿ. ನಿಮ್ಮ ಕೆರೆಯ ಹುಳುಗಳಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆಂದು ಮಾರುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಇಲ್ಲಿ ಚೆಲ್ಲಬೇಡಿ. ಮನೆಯ ನಾಯಿ ತಿಂದರೆ ಪ್ರಾಣಕ್ಕೇ ಅಪಾಯ. ಒಂದು ವೇಳೆ ನೀರಿನ ಮೇಲಿನ ದಂಟುಗಳಿಗೆ ಕಡು ಗುಲಾಬಿ ಬಣ್ಣದ ಮೊಟ್ಟೆಗಳ ಗೊಂಚಲು ಅಂಟಿರುವುದು ಕಂಡರೆ ಮುಟ್ಟದೆ, ಚಿತ್ರ ತೆಗೆದು, ಹತ್ತಿರದ ಕೃಷಿ ವಿಜ್ಞಾನಿಗಳಿಗೆ ತಕ್ಷಣ ತಿಳಿಸಿ. ನಮ್ಮ ಪೈಲಾದ ಮೊಟ್ಟೆ ಬಿಳಿ, ದಡದ ತೇವದ ಮಣ್ಣಿನಲ್ಲಿ ಇರುತ್ತದೆ. ಗುಲಾಬಿ ಮೊಟ್ಟೆ ದಕ್ಷಿಣ ಅಮೆರಿಕದ ಆಪಲ್ ಹುಳುವಿನದು, ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳನ್ನು ಹಾಳುಮಾಡಿದ್ದು. ಆ ಬಣ್ಣವೇ ಶತ್ರುಗಳಿಗೆ ಎಚ್ಚರಿಕೆ. ಮೊಟ್ಟೆಯೊಳಗೆ ವಿಷದ ಪ್ರೋಟೀನುಗಳಿರುವುದರಿಂದ ಅದನ್ನು ತಿನ್ನುವ ಜೀವಿಗಳು ತೀರಾ ವಿರಳ.

ನನ್ನ ಮಾತನ್ನು ನೀವು ಹಾಗೆಯೇ ನಂಬಬೇಕಿಲ್ಲ, ಮಗನೇ ಪರೀಕ್ಷಿಸಲಿ. ಮೂರು ಬಿಳಿ ಬಕೆಟ್ ತೆಗೆದುಕೊಳ್ಳಿ. ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಕೆರೆಯ ನೀರು, ಮೂರನೆಯದರಲ್ಲಿ ಬಾವಿಯ ನೀರಿಗೆ ಒಂದು ಲಿಮ್ನಿಯಾವನ್ನು ಜಜ್ಜಿ ಹಾಕಿ. ಅರ್ಧ ಬಕೆಟ್ ನೀರು ಸಾಕು. ಪ್ರತಿಯೊಂದಕ್ಕೂ ಹತ್ತು ಲಿಮ್ನಿಯಾ ಬಿಟ್ಟು, ಹತ್ತು ಹತ್ತು ನಿಮಿಷಕ್ಕೊಮ್ಮೆ ಎಷ್ಟು ಹುಳುಗಳು ನೀರಿನ ಗೆರೆ ದಾಟಿವೆ ಎಂದು ಎರಡು ಗಂಟೆ ಬರೆದಿಡಲಿ. ಮೂರನೆಯ ಬಕೆಟ್ಟಿನಲ್ಲಿ ಮಾತ್ರ ಹೆಚ್ಚು ಹುಳುಗಳು ಹತ್ತಿದರೆ ಅವು ಎಚ್ಚರಿಕೆಯನ್ನು ಓದುತ್ತಿವೆ. ಹಗಲಿನಲ್ಲಿ ತಂದ ಕೆರೆ ನೀರಿಗೇ ಹತ್ತೂ ಹತ್ತಿದರೆ ಅಥವಾ ಚಿಪ್ಪಿನೊಳಗೆ ಮುದುಡಿ ಅಲುಗಾಡದೆ ಬಿದ್ದರೆ ನನ್ನ ಊಹೆ ತಪ್ಪು. ಆಗ ಯಜಮಾನರು ಆ ನೀರನ್ನು ತಾಮ್ರದ ಪರೀಕ್ಷೆಗೆ ಕಳುಹಿಸಲಿ, ಫಲಿತಾಂಶ ಬರುವವರೆಗೆ ಹಸುಗಳಿಗೆ ಆ ನೀರು ಬೇಡ. ಹುಡುಗ ಗ್ಲೌಸ್ ಹಾಕಿಕೊಂಡಿರಲಿ, ಮುಗಿದ ಮೇಲೆ ಬಕೆಟ್ಟಿನ ನೀರನ್ನು ಕೆರೆಗಲ್ಲ, ಒಣನೆಲಕ್ಕೆ ಚೆಲ್ಲಲಿ. ಬರೆದಿಟ್ಟ ಲೆಕ್ಕವನ್ನು ನನಗೂ ಕಳುಹಿಸಲು ಹೇಳಿ.